ಗಾಜಿನ ಕಿಂಡಿಯ ಡಬ್ಬಿಗಳು

ಸುಧಾರಣೆ ಎಂಬುದು ದುಡಿಯುವವರ ತಲೆಯಲ್ಲಿ ಹುಟ್ಟುವುದಿಲ್ಲ, ದುಡಿಯಲು ಬೇಸರಪಡುವವರ ತಲೆಯಲ್ಲಿ ಹುಟ್ಟುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ. ಬಾವಿಗೆ ಮೊದಲು ರಾಟೆ ಹಾಕಿದವನು ಹಗ್ಗ ಜಗ್ಗಿ ಜಗ್ಗಿ ಬೇಸತ್ತ ಯಾವನೋ ಸೋಮಾರಿಯೇ ಇರಬೇಕು. ಬಂಡಿಗೆ ಗಾಲಿ ಜೋಡಿಸಿದವನು ಅವನಿಗಿಂತ ದೊಡ್ಡ ಸೋಮಾರಿ. ಆ ದೊಡ್ಡ ಮನೆತನದಲ್ಲಿ ನನ್ನದೂ ಒಂದು ಸಣ್ಣ ಹೆಸರು ಇರಲಿ ಎಂದು ಆಸೆಪಟ್ಟು ನಾನೊಮ್ಮೆ ಡಬ್ಬಿಗಳನ್ನು ಕಂಡುಹಿಡಿದೆ. ಡಬ್ಬಿ ಮೊದಲೇ ಇರಲಿಲ್ಲವೇ ಎಂದು ಕೇಳಬೇಡಿ. ಇದ್ದವು. ಆದರೆ ನನ್ನವು ಒಂದರ ಮೇಲೊಂದು ಅಲ್ಲಾಡದೆ ಕೂಡುವ, ಒಳಗಿನ ಕಾಳು ಹೊರಗೆ ಕಾಣುವ, ಮೇಲಿನದನ್ನು ಇಳಿಸದೆಯೇ ಕೆಳಗಿನದರಿಂದ ಕಾಳು ಬೀಳುವ ಡಬ್ಬಿಗಳು.

ಇದಕ್ಕೆಲ್ಲ ಕಾರಣ ನಮ್ಮ ಮನೆಯ ಗಡಿಗೆಗಳ ಅಡಕಲು. ಆಗ ನಾವು ವಿಜಾಪುರದ ಒಂದು ಓಣಿಯಲ್ಲಿ ಬಾಡಿಗೆಗಿದ್ದೆವು. ಅಡಿಗೆಮನೆ ಎಷ್ಟು ಸಣ್ಣದೆಂದರೆ ಒಳಗೆ ಒಬ್ಬರು ರೊಟ್ಟಿ ಬಡಿಯುತ್ತಿದ್ದರೆ ಇನ್ನೊಬ್ಬರು ಹೊಸ್ತಿಲಲ್ಲೇ ನಿಂತು ಮಾತಾಡಬೇಕು. ಆ ಮೂಲೆಯಲ್ಲಿ ನನ್ನ ಹೆಂಡತಿ ಶಾಂತಾ ತನ್ನ ತವರು ನಿಡೋಣಿಯಿಂದ ತಂದ ಮಣ್ಣಿನ ಗಡಿಗೆಗಳನ್ನು ಒಂದರ ಮೇಲೊಂದು ಪೇರಿಸಿದ್ದಳು. ತಳದಲ್ಲಿ ದೊಡ್ಡ ಹೊಟ್ಟೆಯ ಗಡಿಗೆ, ಅದರ ಮೇಲೆ ಅದಕ್ಕಿಂತ ಸಣ್ಣದು, ಹೀಗೆ ಏರುತ್ತ ಏರುತ್ತ ತುದಿಗೆ ಮೆಂತ್ಯದ ಕುಡಿಕೆ. ನೋಡಲು ಚೆಂದ, ಒಪ್ಪುತ್ತೇನೆ. ಆದರೆ ಬೇಳೆ, ಬೆಲ್ಲ, ಸಕ್ಕರೆ ಎಲ್ಲವೂ ತಳದಲ್ಲಿ; ವರ್ಷಕ್ಕೊಮ್ಮೆ ನೆನಪಾಗುವ ಗಸಗಸೆ, ಅಳವಿ ಬೀಜ ಎಲ್ಲ ಕೈಗೆ ಸಿಗುವಂತೆ ಮೇಲೆ. ನಾನು ಅಂಗಿಯ ಗುಂಡಿ ಹಾಕಿಕೊಂಡು ಕಚೇರಿಗೆ ಹೊರಟೆನೋ ಇಲ್ಲವೋ, ಒಳಗಿಂದ ಕೂಗು ಬರುವುದು: "ರೀ, ಹೊಂಟ್ರೇನು? ಹಂಗ ಒಂದೀಟ ಅಡಕಲ ಇಳಸಿ ಹೋಗ್ರಿ." ಇಳಿಸಿದ ಮೇಲೆ ಏರಿಸಬೇಡವೇ? ಏರಿಸಿ ಕಚೇರಿಗೆ ಹೋಗುವಷ್ಟರಲ್ಲಿ ನನ್ನ ಬಿಳಿ ಅಂಗಿಯ ಮೇಲೆ ಗಡಿಗೆಯ ಮಸಿ, ಸಾಹೇಬರ ಮುಖದ ಮೇಲೆ ಅದಕ್ಕಿಂತ ದಟ್ಟವಾದ ಮಸಿ.

ನಾನು ಸರಕಾರಿ ಕಚೇರಿಯೊಂದರಲ್ಲಿ ನಕಾಶೆ ಬರೆಯುವವನು. ಟಿಕೋಟಾ ಕಡೆಯ ಹಳ್ಳಕ್ಕೆ ಸೇತುವೆ, ಬಬಲೇಶ್ವರ ಕಡೆಯ ಊರಿಗೆ ದವಾಖಾನೆ, ಭೂತನಾಳದ ಕೆರೆಯ ದಂಡೆಗೆ ಕಟ್ಟೆ, ಎಲ್ಲ ನನ್ನ ಕೈಯಲ್ಲಿ ಹಾಳೆಯ ಮೇಲೆ ಎದ್ದು ನಿಂತಿವೆ. ಹಾಳೆಯಿಂದ ಕೆಳಗಿಳಿದು ನೆಲದ ಮೇಲೆ ನಿಂತದ್ದನ್ನು ಮಾತ್ರ ನಾನು ಕಂಡಿಲ್ಲ. ಅದು ಮೇಲಿನವರ ಕೆಲಸ. ಹೀಗಾಗಿ ನನ್ನ ಜನ್ಮದಲ್ಲಿ ಒಂದಾದರೂ ನಕಾಶೆ ವಸ್ತುವಾಗಲಿ ಎಂಬ ಹಂಬಲ ನನ್ನನ್ನು ಕಾಡುತ್ತಿತ್ತು. ಸಾಹೇಬರು ಹಳ್ಳಿಗಳ ದೌರೆಗೆ ಹೋದ ದಿನ ಒಂದು ಒಳ್ಳೆಯ ಹಾಳೆ ಹಾಸಿ ಡಬ್ಬಿಯ ಮುಂದಿನ ನೋಟ, ಪಕ್ಕದ ನೋಟ, ನಡುವೆ ಕೊಯ್ದರೆ ಕಾಣುವ ನೋಟ ಎಲ್ಲವನ್ನೂ ಬರೆದೆ. ಮುಚ್ಚಳದ ಸುತ್ತ ಅಂಚು, ಮೇಲಿನ ಡಬ್ಬಿ ಅದರೊಳಗೆ ಕೂಡಬೇಕು. ಎದುರಿಗೆ ಉದ್ದನೆಯ ಗಾಜಿನ ಪಟ್ಟಿ. ಒಳಗೆ ಇಳಿಜಾರಿನ ತಳ, ಕೆಳಗೆ ಸರಿಸಿ ತೆಗೆಯುವ ಕಿಂಡಿ. ಮೇಲಿನಿಂದ ಹೊಸ ಕಾಳು ಸುರಿದರೆ ಕೆಳಗಿನಿಂದ ಹಳೆಯದೇ ಮೊದಲು ಬರುತ್ತದೆ. ನುಸಿಗೆ ಸಂಸಾರ ಹೂಡಲು ಸಮಯವೇ ಇಲ್ಲ. ಗಾಳಿಯಾಡದಂತೆ ಮುಚ್ಚಳಕ್ಕೆ ಸೈಕಲ್ ಟ್ಯೂಬಿನ ಪಟ್ಟಿ. ಬರೆದು ಮುಗಿಸಿ ಎರಡು ಹೆಜ್ಜೆ ಹಿಂದೆ ಸರಿದು ನೋಡಿದೆ. ನನ್ನ ಮೇಲೆ ನನಗೇ ಗೌರವ ಮೂಡಿತು.

ಬಜಾರದಲ್ಲಿ ತಗಡಿನ ಕೆಲಸ ಮಾಡುವ ಲಾಲಸಾಬ ನಕಾಶೆಯನ್ನು ತಿರುಗಾಮುರುಗಾ ಹಿಡಿದು ನೋಡಿ, "ತಲಿ ಅಂದ್ರ ತಲಿ ನೋಡ್ರಿ ನಿಮ್ದು!" ಎಂದ. ಖಾಲಿ ಎಣ್ಣೆ ಡಬ್ಬಿಗಳನ್ನು ಬಿಚ್ಚಿ, ಬಡಿದು, ಬೆಸೆದು ಹೊಸ ಡಬ್ಬಿ ಮಾಡಿಕೊಟ್ಟ. ನಾನು ಅವುಗಳಿಗೆ ಹಸಿರು ಬಣ್ಣ ಹಚ್ಚಿ, ಟಾಂಗಾದಲ್ಲಿ ಮೆರವಣಿಗೆಯಂತೆ ಮನೆಗೆ ತಂದೆ. ಶಾಂತಾ ಕಿಂಡಿಯನ್ನು ಸರಿಸಿ ನೋಡಿದಳು, ಗಾಜನ್ನು ಬೆರಳಿನಿಂದ ತಟ್ಟಿ ನೋಡಿದಳು, ಕೊನೆಗೆ, "ಎಲ್ಲಾ ಛಲೋ ಐತ್ರಿ. ಆದ್ರ ಒಳಗಿಂದೆಲ್ಲಾ ಹೊರಗ ಕಾಣತೈತಲ್ಲಾ?" ಎಂದಳು. ನಾನು ಹೆಮ್ಮೆಯಿಂದ, "ಕಾಣ್ಲಿ ಅಂತನ ಮಾಡೇನಿ," ಎಂದೆ. ಆಕೆ ನನ್ನ ಮುಖ ನೋಡಿ ಕಿಂಡಿಯನ್ನು ಮತ್ತೆ ಸರಿಸಿ ಮುಚ್ಚಿದಳು. ಅದನ್ನು ನಾನು ಮೆಚ್ಚುಗೆ ಎಂದು ತಿಳಿದೆ. ಗಡಿಗೆಗಳು ಹಿತ್ತಲು ಸೇರಿದವು. ಮೊದಮೊದಲು ಬೇಳೆಯ ಸಾರಿಗೆ ಪಂಕ್ಚರ್ ಅಂಗಡಿಯ ವಾಸನೆ ಬರುತ್ತಿತ್ತು ನಿಜ, ಆದರೆ ವಿಜ್ಞಾನಕ್ಕಾಗಿ ಅಷ್ಟು ಸಹಿಸದಿದ್ದರೆ ಹೇಗೆ?

ಈಗ ಸಕ್ಕರೆಯ ವಿಷಯ ಹೇಳಬೇಕು. ಶಾಂತಾಳ ತಂಗಿ ನೀಲಾಳನ್ನು ಘೋಣಸಗಿಗೆ ಕೊಟ್ಟಿದ್ದೆವು. ಆಕೆಗೆ ಚೊಚ್ಚಲ ಬಸಿರು, ಸೀಮಂತದ ಕುಬಸ ಮಾಡುವ ದಿನ ಗೊತ್ತಾಗಿತ್ತು. ಅಕ್ಕತಂಗಿಯರಿಗೆ ತಾಯಿ ಇಲ್ಲ. ನೀಲಾಳಿಗೆ ತವರೆಂದರೆ ನಮ್ಮ ಮನೆಯೇ. ಬುಟ್ಟಿ ತುಂಬ ರವೆ ಉಂಡಿ ಕಟ್ಟಿಕೊಂಡು ಹೋಗಬೇಕು, ಬೀಗರ ಮುಂದೆ ತಂಗಿಯ ತಲೆ ತಗ್ಗಬಾರದು ಎಂಬುದು ಶಾಂತಾಳ ಹಟ. ಸಕ್ಕರೆಯೋ ಆಗ ರೇಷನ್ನಿನಲ್ಲಿ ಚಿಟಿಕೆಯಷ್ಟು ಸಿಗುತ್ತಿತ್ತು. ಅದನ್ನೇ ತಿಂಗಳು ತಿಂಗಳು ಕೂಡಿಡುತ್ತ, ನನಗೆ ಬೆಲ್ಲದ ಚಹಾ ಕುಡಿಸುತ್ತ ಗಡಿಗೆ ತುಂಬಿಸಿದ್ದಳು. ಆ ಸಕ್ಕರೆಯನ್ನು ನಾನೇ ನನ್ನ ಕೈಯಾರೆ ನಡುವಿನ ಡಬ್ಬಿಗೆ ಸುರಿದೆ. ಗಾಜಿನ ಹಿಂದೆ ಬೆಳ್ಳಗೆ ಹೊಳೆಯಿತು. ಬಂದವರೆಲ್ಲರ ಕಣ್ಣು ಮೊದಲು ಅಲ್ಲಿಗೇ ಬೀಳುವಂತಿತ್ತು, ಬಿದ್ದಿತು ಕೂಡ.

ನಳಕ್ಕೆ ನೀರು ಬರುವ ಹೊತ್ತಿಗೆ ಓಣಿಯ ಹೆಂಗಸರೆಲ್ಲ ಕೊಡ ಹಿಡಿದು ಸೇರುತ್ತಾರಲ್ಲ, ಸುದ್ದಿ ಅಲ್ಲಿಂದ ಹರಿಯಿತು. ಮೊದಲು ಪಕ್ಕದ ಮನೆಯ ಚಂಪಕ್ಕ ಬಂದರು. ನಾನೇ ಮುಂದೆ ನಿಂತು ಕಿಂಡಿ ಸರಿಸಿ ತೋರಿಸಿದೆ. ಸಕ್ಕರೆ ಸರ್ರನೆ ಇಳಿಯಿತು. ಚಂಪಕ್ಕ, "ಅಯ್ಯ ಎಷ್ಟ್ ಸಲೀಸ ಬರತೈತಿ ನೋಡ್ರಿ!" ಎನ್ನುತ್ತ ಸೆರಗಿನ ಒಳಗಿನಿಂದ ಬಟ್ಟಲು ತೆಗೆದು ಹಿಡಿದರು. ಬಟ್ಟಲನ್ನು ಮೊದಲೇ ತಂದಿದ್ದರೆಂಬುದು ನನಗೆ ಆಗ ಹೊಳೆಯಲಿಲ್ಲ. ಆಮೇಲೆ ಎದುರು ಮನೆಯ ಸಾವಿತ್ರಿಬಾಯಿ ಬೇಳೆಗೆಂದು ಬಂದು ಸಕ್ಕರೆಯನ್ನೂ ಒಯ್ದರು. ಆಮೇಲೆ ಉಳಿದವರು. ಎಲ್ಲರೂ ನನ್ನನ್ನು ಹೊಗಳಿದರು, ಹೊಗಳಿದವರ ಬಟ್ಟಲನ್ನು ಖಾಲಿ ಕಳಿಸಲು ನನಗೂ ಮನಸ್ಸಾಗಲಿಲ್ಲ. ಒಂದು ಸಂಜೆ ಶಾಂತಾ ಸಿಡಿದಳು. "ಅಡಕಲ ಇದ್ದಾಗ ಯಾರರ ಬಂದ್ರ, 'ತಳದ ಗಡಿಗ್ಯಾಗ ಐತ್ರಿ, ಇಳಸಾಕ ನಮ್ಮನಿಯವರು ಮನ್ಯಾಗಿಲ್ಲ' ಅಂತಿದ್ದೆ. ಅವರ ಮನಸೂ ಉಳೀತಿತ್ತು, ನಮ್ಮ ಸಕ್ಕರಿನೂ ಉಳೀತಿತ್ತು. ಈಗ ಏನಂತ ಹೇಳ್ಲಿ? ಕಣ್ಣಿಗೆ ಕಾಣತೈತಿ, ಕೈಗೆ ಬರತೈತಿ!"

ನಾನು ದಂಗಾದೆ. ಬೇಕಾದ್ದೆಲ್ಲ ತಳದಲ್ಲಿ ಯಾಕಿತ್ತು ಎಂಬುದು ಆಗ ಅರ್ಥವಾಯಿತು. ನಾನು ಯಾವುದನ್ನು ಅಡಕಲಿನ ದೋಷ ಎಂದು ಹಾಳೆಯ ಮೇಲೆ ತಿದ್ದಿದ್ದೆನೋ ಅದೇ ಅದರ ಬೀಗವಾಗಿತ್ತು, ಬೀಗಕ್ಕಿಂತಲೂ ಮರ್ಯಾದೆಯುಳ್ಳ ಬೀಗ. ಅಷ್ಟರಲ್ಲಿ ಕಚೇರಿಯಲ್ಲಿ ಸಾಹೇಬರು ಬೇರೆ, "ಏನ್ರಿ, ಡಬ್ಬಿ ಮಾಡೀರಂತ? ಕಾಳು ಕೆಡೂದಿಲ್ಲೇನು?" ಎಂದು ಕೇಳಿದರು. "ಇಲ್ರಿ ಸರ್, ನಮ್ಮನಿಯೊಳಗ ಈಗ ಏನೂ ಕೆಡೂದಿಲ್ಲ," ಎಂದೆ. ಸುಳ್ಳು ಹೇಳಲಿಲ್ಲ. ಕೆಡುವುದಕ್ಕೆ ಏನಾದರೂ ಉಳಿದಿದ್ದರೆ ತಾನೆ?

ಕುಬಸ ಹತ್ತಿರ ಬಂತು. ಗಾಜಿನ ಹಿಂದೆ ಸಕ್ಕರೆಯ ಬದಲು ತಗಡು ಹೊಳೆಯುತ್ತಿತ್ತು. ರೇಷನ್ ಅಂಗಡಿಯಲ್ಲಿ ಸಕ್ಕರೆ ಬಂದಿಲ್ಲ ಎಂದರು, ಯಾವಾಗ ಬರುತ್ತದೆ ಎಂದರೆ ಆಕಾಶ ನೋಡಿದರು. ಶಾಂತಾ ಅಳಲಿಲ್ಲ, ಜಗಳವಾಡಲಿಲ್ಲ, ಹುರಿದ ರವೆಯ ಮುಂದೆ ಕೈ ಕಟ್ಟಿ ಕುಳಿತಳು. "ನೀಲಾ ದಾರಿ ನೋಡತಿರತಾಳ್ರಿ," ಎಂದಷ್ಟೇ ಅಂದಳು. ನಾನು ಎದ್ದೆ. ಖಾಲಿ ಪಾತ್ರೆ ತೆಗೆದುಕೊಂಡು, ಒಯ್ದವರಿಂದಲೇ ತರುತ್ತೇನೆಂದು ಹೊರಟೆ. ಚಂಪಕ್ಕ ಬಾಗಿಲಲ್ಲೇ ನಿಂತು ಬಲು ಮರುಕದಿಂದ ಹೇಳಿದರು: "ಐತ್ರಿ ಅಣ್ಣಾರ, ಯಾಕಿಲ್ಲ. ತಳದ ಗಡಿಗ್ಯಾಗ ಐತಿ. ಇಳಸಾಕ ನಮ್ಮನಿಯವರು ಮನ್ಯಾಗಿಲ್ಲ ನೋಡ್ರಿ."

ಬೇರೆ ಯಾರಾದರೂ ಆಗಿದ್ದರೆ ಸಂಪ್ರದಾಯ ಅರಿತು ಹಿಂತಿರುಗುತ್ತಿದ್ದರು. ನನಗೆ ಎಲ್ಲಿಂದ ಧೈರ್ಯ ಬಂತೋ, "ನಾನದೀನಲ್ರಿ, ಇಳಸೂದ ನನ್ನ ದಿನದ ಕೆಲಸ!" ಎನ್ನುತ್ತ ಒಳಗೆ ನುಗ್ಗಿ ತೋಳು ಮಡಚಿದೆ. ಚಂಪಕ್ಕ ಬ್ಯಾಡ ಬ್ಯಾಡ ಎನ್ನುವಷ್ಟರಲ್ಲಿ ಮೆಂತ್ಯದ ಕುಡಿಕೆಯಿಂದ ಹಿಡಿದು ಒಂದೊಂದಾಗಿ ಗಡಿಗೆಗಳು ನೆಲಕ್ಕಿಳಿದವು. ತಳದಲ್ಲಿ ನಮ್ಮ ಸಕ್ಕರೆ ಇರುವೆಯೂ ಮುಟ್ಟದೆ ಕುಳಿತಿತ್ತು. ಅವರು ನಕ್ಕುಬಿಟ್ಟರು, ನಾನೂ ನಕ್ಕೆ, ಸಕ್ಕರೆ ಅಳೆದುಕೊಟ್ಟರು. ಅಲ್ಲಿಂದ ಸಾವಿತ್ರಿಬಾಯಿಯ ಮನೆ, ಅಲ್ಲಿಂದ ಮುಂದಿನ ಮನೆ. ಪ್ರತಿಯೊಂದು ಮನೆಯಲ್ಲೂ ಅದೇ ಮಾತು, ಅದೇ ಮರುಕ, ಅದೇ ತಳದ ಗಡಿಗೆ. ಕತ್ತಲಾಗುವ ಮೊದಲು ಪಾತ್ರೆ ತುಂಬಿತು. ಉಂಡಿಯ ಬುಟ್ಟಿ ಹೊತ್ತು ಟಿಕೋಟಾ ಮಾರ್ಗವಾಗಿ ಬಸ್ಸಿನಲ್ಲಿ ಘೋಣಸಗಿಗೆ ಹೋದೆವು. ಬುಟ್ಟಿಯ ಮೇಲಿನ ಬಟ್ಟೆ ಸರಿಸಿದಾಗ ನೀಲಾ ಅಕ್ಕನ ಕೈ ಹಿಡಿದು ಅತ್ತಳು. ನನಗೂ ಕಣ್ಣು ತುಂಬಿ ಬಂತು, ಹೇಳಲು ನಾಚಿಕೆಯೇನಿಲ್ಲ.

ಊರಿಗೆ ಮರಳಿದ ಮರುದಿನವೇ ಗಡಿಗೆಗಳು ಹಿತ್ತಲಿನಿಂದ ಒಳಗೆ ಬಂದವು. ನನ್ನ ಡಬ್ಬಿಗಳಲ್ಲಿ ಈಗ ಹುಣಸೆಬೀಜ, ಹರಳುಪ್ಪು, ಹರಿದ ಚಪ್ಪಲಿ ಗಾಜಿನಿಂದ ಹೊರಗೆ ನೋಡುತ್ತವೆ. ಅವುಗಳನ್ನು ಯಾರೂ ಬಟ್ಟಲು ಹಿಡಿದು ಕೇಳಿಲ್ಲ. ಆದರೆ ನಾನು ಒಂದು ಗಡಿಗೆಯನ್ನೂ ಒಡೆಯದೆ ಇಳಿಸಿ ಏರಿಸಿದ ಖ್ಯಾತಿ ಮಾತ್ರ ನಳದ ಹತ್ತಿರ ಹಬ್ಬಿತು. "ನಮ್ಮನಿಯವರು ಇಳಸಿದ್ರ ಒಂದರ ಒಡೀತಾರ, ನೀವ ಬರ್ರಿ ಅಣ್ಣಾರ," ಎಂದು ಹಬ್ಬ ಬಂದರೆ ಸಾಕು, ಓಣಿಯ ಎರಡೂ ಬದಿಯಿಂದ ಕರೆ. ಒಲ್ಲೆ ಎನ್ನಲು ನಾಲಿಗೆ ಬರುವುದಿಲ್ಲ. ಮೊನ್ನೆ ಸಾವಿತ್ರಿಬಾಯಿ ನನ್ನನ್ನು ತಮ್ಮ ಅಡಿಗೆಮನೆಗೆ ಹೊಗಿಸಿ, ತಾವು ಬಟ್ಟಲು ಹಿಡಿದು ನಮ್ಮ ಮನೆಗೆ ಹೋದರು. ಓಣಿಯಾಚೆಯಿಂದ ಶಾಂತಾಳ ದನಿ ನನಗೆ ಸ್ಪಷ್ಟವಾಗಿ ಕೇಳಿಸಿತು: "ಬ್ಯಾಳಿ ಐತ್ರಿ ಬಾಯಾರ, ತಳದ ಗಡಿಗ್ಯಾಗ ಐತಿ. ಇಳಸಾಕ ನಮ್ಮನಿಯವರು ಮನ್ಯಾಗಿಲ್ಲ." ಅಲ್ಲಗಳೆಯುವಂತಿರಲಿಲ್ಲ. ನಾನು ಆಗ ಸಾವಿತ್ರಿಬಾಯಿಯ ಬೇಳೆಯ ಗಡಿಗೆಯನ್ನು ಎದೆಗವಚಿಕೊಂಡು ಅವರ ಅಡಿಗೆಮನೆಯಲ್ಲಿ ನಿಂತಿದ್ದೆ.