ಸ್ಕಿಪ್ಪರನ ಫ್ರಾನ್ಸ್ ಯಾತ್ರೆ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದೇ ಒಂದು ಸಾಲು. ಟ್ರೆವಾನ್ನ ಊರಿನ ಸೋದರನಗರ ಸಮಿತಿ ಮನೆಮನೆಗೆ ಹಂಚಿದ ಸುತ್ತೋಲೆಯಲ್ಲಿ, ಊಟದ ವಿವರಕ್ಕೂ ಹಾಡಿನ ಅಭ್ಯಾಸದ ವೇಳೆಗೂ ನಡುವೆ, ಅದು ಏನೂ ಗೊತ್ತಿಲ್ಲದ ಹಾಗೆ ಕೂತಿತ್ತು: 'ಬಸ್ಸಿನಲ್ಲಿ ನಾಯಿಗಳಿಗೆ ಅವಕಾಶವಿಲ್ಲ.'

ಇಂಗ್ಲೆಂಡಿನ ತುದಿಯ ಕಾರ್ನ್‌ವಾಲ್‌ನ ಆ ಪುಟ್ಟ ಊರಿನಿಂದ ಫ್ರಾನ್ಸಿಗೆ ಹೊರಟಿದ್ದ ನಾಯಿ ಒಂದೇ, ಡೆನ್ಜಿಲ್ ಟ್ರೆಗಿಡ್ಗೊನ ಸ್ಕಿಪ್ಪರ್. ಮೂವತ್ತೊಂದು ವರ್ಷ ಬಸ್ಸು ಓಡಿಸಿ ನಿವೃತ್ತನಾದ ಡೆನ್ಜಿಲ್‌ಗೆ ಆ ಸಾಲು ಯಾರ ತಲೆಗೆ ಗುರಿಯಿಟ್ಟು ಹೊಡೆದದ್ದು ಎಂದು ತಿಳಿಯಲು ಕನ್ನಡಕ ಹುಡುಕಬೇಕಾಗಿರಲಿಲ್ಲ.

ಎರಡು ವರ್ಷಕ್ಕೊಮ್ಮೆ ಜೂನ್ ತಿಂಗಳಲ್ಲಿ ಟ್ರೆವಾನ್ನದವರು ಕಡಲು ದಾಟಿ ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದ ಸೋದರನಗರ ಪ್ಲೂವೆನೆಕ್‌ಗೆ ಹೋಗಿ, ಅಲ್ಲಿನವರ ಮನೆಗಳಲ್ಲಿ ನಾಲ್ಕು ದಿನ ಉಂಡು, ಹಾಡಿ ಬರುತ್ತಾರೆ. ಮರುವರ್ಷ ಅವರು ಇಲ್ಲಿಗೆ ಬಂದು ಅದನ್ನೇ ಮಾಡುತ್ತಾರೆ. ಇಪ್ಪತ್ತೊಂಬತ್ತು ವರ್ಷದಿಂದ ಡೆನ್ಜಿಲ್ ಇಳಿದುಕೊಳ್ಳುವುದು ಸಿಂಪಿ ಬೆಳೆಯುವ ಗುಲ್ವೆನ್ ಎಂಬಾತನ ಮನೆಯಲ್ಲಿ. ಡೆನ್ಜಿಲ್‌ಗೆ ಫ್ರೆಂಚ್ ಬಾರದು, ಗುಲ್ವೆನ್‌ಗೆ ಇಂಗ್ಲಿಷ್ ಬಾರದು. ಹಾಗಾಗಿ ಇಬ್ಬರೂ ಇವತ್ತಿನವರೆಗೆ ಒಂದು ಮಾತಿಗೂ ಜಗಳವಾಡಿಲ್ಲ. ಈ ಚಳಿಗಾಲದಲ್ಲಿ ಗುಲ್ವೆನ್ ಬಿದ್ದು ಸೊಂಟ ಮುರಿದುಕೊಂಡ. ಈಗ ಅವನಿಗೆ ಎಂಬತ್ತು ತುಂಬುತ್ತದೆ. ಅವನ ಮಗಳು ಕಾರ್ಡಿನಲ್ಲಿ ಬರೆದಿದ್ದಳು: 'ಅಪ್ಪ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ನಿಮ್ಮನ್ನೂ ಸ್ಕಿಪ್ಪರನ್ನೂ ದಿನಾ ಕೇಳುತ್ತಾರೆ.' ಡೆನ್ಜಿಲ್ ಆ ಕಾರ್ಡನ್ನು ಅಡುಗೆಮನೆಯಲ್ಲಿ ನಿಂತು ಮೂರು ಸಲ ಓದಿದ್ದ. ಮೂರನೆಯ ಸಲ ಅಕ್ಷರ ಸರಿಯಾಗಿ ಕಾಣಿಸಿರಲಿಲ್ಲ.

ಹಾಗಾಗಿ ಸಮಿತಿಯ ಸಭೆಯಲ್ಲಿ ಅವನು ಎದ್ದು ನಿಂತ.

“ನಾನೇನ್ ಮಾಡ್ಲಿ ಡೆನ್ಜಿಲ್,” ಎಂದರು ಅಧ್ಯಕ್ಷೆ ಮಿಸೆಸ್ ರೋಸೆವೇರ್. “ಬಸ್ಸಿನೋರು ಒಪ್ಪಲ್ಲ. ಅಲ್ದೆ ನಿಮ್ ನಾಯಿ ಹೋದ್ ವರ್ಷ ಮೇಯರ್ ಹಾಕ್ಕೊಳ್ಳೋ ಅಧಿಕಾರದ ಸರ ಕಚ್ಕೊಂಡು ಓಡಿದ್ದು ನಾನಿನ್ನೂ ಮರ್ತಿಲ್ಲ.”

“ಅದ್ರಲ್ಲಿ ನಾಯಿ ತಪ್ಪೇನಿದೆ? ಮೇಯರ್ ಅದನ್ನ ಬಿಚ್ಚಿ ಸಾಸೇಜ್ ತಟ್ಟೆ ಮೇಲಿಟ್ಟಿದ್ರು.”

“ನಾಲ್ಕ್ ದಿನ ತಾನೇ? ಯಾರ ಮನೇಲಾದ್ರೂ ಬಿಟ್ಟು ಬನ್ನಿ.”

“ಕೇಳಿ ಎಲ್ರೂ!” ಡೆನ್ಜಿಲ್‌ನ ಮುಖ ಕೆಂಡದಂತಾಗಿತ್ತು. “ನನ್ ನಾಯಿ ಫ್ರಾನ್ಸಿಗೆ ಹೋಗುತ್ತೆ. ನಿಮ್ ಬಸ್ಸಲ್ಲಲ್ಲ, ನನ್ ಕಾರಲ್ಲಿ. ನಿಮ್ಗಿಂತ ಮುಂಚೆ ಹಡಗು ಹತ್ತುತ್ತೆ. ಬೇಕಾದ್ರೆ ಬರ್ಕೊಳ್ಳಿ!”

ಕಾರ್ಯದರ್ಶಿ ಪಾಪ, ಬರೆದುಕೊಳ್ಳುವುದೇ ಅವನ ಕೆಲಸ, ಬರೆದುಕೊಂಡೇಬಿಟ್ಟ.

ಹೇಳಿದಷ್ಟು ಸುಲಭವಲ್ಲ ಮಾಡುವುದು. ಮೊದಲಾದರೆ ನಾಯಿಗೊಂದು ಚಿಕ್ಕ ನೀಲಿ ಪುಸ್ತಕವಿದ್ದರೆ ಸಾಕಿತ್ತು. ದೇಶ ಯುರೋಪಿನ ಒಕ್ಕೂಟ ಬಿಟ್ಟ ಮೇಲೆ ಪ್ರತಿ ಪ್ರಯಾಣಕ್ಕೂ ನಾಯಿಯ ಆರೋಗ್ಯಪತ್ರ ಹೊಸದಾಗಿ ಆಗಬೇಕು. ಅದಕ್ಕೆ ಸಹಿ ಹಾಕುವ ಅಧಿಕಾರವಿದ್ದ ಸುತ್ತಮುತ್ತಲಿನ ಒಬ್ಬಳೇ ಪಶುವೈದ್ಯೆ ರಜೆಯ ಮೇಲಿದ್ದಳು. ಅವಳು ವಾಪಸು ಬಂದದ್ದು ಹೊರಡುವ ದಿನ ಬೆಳಿಗ್ಗೆ. ಹಡಗು ಮಧ್ಯಾಹ್ನ ಮೂರಕ್ಕೆ. ಡೆನ್ಜಿಲ್ ಬಾಗಿಲು ತೆರೆಯುವ ಮೊದಲೇ ನಾಯಿಯನ್ನು ಕಂಕುಳಲ್ಲಿ ಇರುಕಿಕೊಂಡು ಆಸ್ಪತ್ರೆಯ ಮುಂದೆ ನಿಂತಿದ್ದ.

ನಾಯಿಯ ಚರ್ಮದಡಿ ಗುರುತಿನ ಸಂಖ್ಯೆ ಹೊತ್ತ ಅಕ್ಕಿಕಾಳಿನಷ್ಟು ಚಿಪ್ ಇರುತ್ತದೆ. ವೈದ್ಯೆ ಅದನ್ನು ಓದುವ ಯಂತ್ರವನ್ನು ಕತ್ತಿನ ಮೇಲೆ ಆಡಿಸಿದಳು. ಸದ್ದಿಲ್ಲ. ಬೆನ್ನ ಮೇಲೆ ಆಡಿಸಿದಳು. ಅಲ್ಲೂ ಸದ್ದಿಲ್ಲ.

“ನಾಯಿ ಇದೆ ಸಾರ್,” ಎಂದಳು ಅವಳು ಸಂಕೋಚದಿಂದ. “ಆದ್ರೆ ಇದು ಯಾವ ನಾಯಿ ಅಂತ ಗೊತ್ತಾಗ್ತಿಲ್ಲ.”

“ಯಾವ ನಾಯಿ ಅಂದ್ರೆ? ನನ್ ನಾಯಿ! ಕರೆದು ತೋರಿಸ್ಲಾ? ಸ್ಕಿಪ್ಪರ್, ಬಾರೋ ಇಲ್ಲಿ!”

ಸ್ಕಿಪ್ಪರ್ ಅವನನ್ನು ಈ ಜನ್ಮದಲ್ಲಿ ಕಂಡೇ ಇಲ್ಲವೆಂಬಂತೆ ಮೇಜಿನಡಿ ಹೋಗಿ ಗೋಡೆಗೆ ಮುಖ ಮಾಡಿ ಕೂತಿತು.

“ಸುಳ್ಳು ಸಾಕ್ಷಿ ಹೇಳ್ತೀಯಾ, ಕೃತಘ್ನ!” ಎಂದು ಡೆನ್ಜಿಲ್ ಮಂಡಿಯೂರಿ ಅದನ್ನು ಎಳೆಯುವಾಗ ವೈದ್ಯೆಯ ಯಂತ್ರ ನಾಯಿಯ ಮುಂಗಾಲಿಗೆ ತಾಗಿ 'ಪೀಂ' ಎಂದಿತು. ಚಿಪ್ ಕತ್ತಿನಿಂದ ಜಾರಿ ಮೊಣಕೈ ಹತ್ತಿರ ಬಂದು ನೆಲೆಸಿತ್ತು. ಕೆಲವು ನಾಯಿಗಳಲ್ಲಿ ಹಾಗಾಗುತ್ತದಂತೆ.

ಆಮೇಲೆ ಶುರುವಾಯಿತು ಬರವಣಿಗೆ. ಹತ್ತು ಪುಟ, ಎರಡು ಭಾಷೆ. ಚಿಪ್ ಹೆಂಡತಿಯ ಹೆಸರಲ್ಲಿದ್ದುದರಿಂದ ಕಾಗದವೂ ಅವಳ ಹೆಸರಿಗೇ. ಅನ್ವಯಿಸದ ಸಾಲುಗಳನ್ನೆಲ್ಲ ಪೆನ್ನಿನಿಂದ ಹೊಡೆಯಬೇಕು. ಹೊಡೆದ ಪ್ರತಿ ಸಾಲಿನ ಪಕ್ಕ ಸಹಿ, ಸಹಿಯ ಮೇಲೆ ಮುದ್ರೆ. ಈ ನಾಯಿ ಸರ್ಕಸ್ಸಿನದಲ್ಲ, ಮುದ್ರೆ. ಈ ನಾಯಿ ಮಾರಾಟಕ್ಕಲ್ಲ, ಮುದ್ರೆ. ಡೆನ್ಜಿಲ್ ಗಡಿಯಾರ ನೋಡುತ್ತ, “ನನ್ ಮದುವೆ ಕಾಗದ ಅರ್ಧ ಪುಟ ಇತ್ತು ಕಣಮ್ಮ,” ಎಂದ.

“ನಿಮ್ ಹೆಂಡ್ತಿ ಹುಚ್ಚು ನಾಯಿ ರೋಗ ತರ್ತಾರೆ ಅಂತ ಯಾರ್ಗೂ ಅನುಮಾನ ಇರ್ಲಿಲ್ವಲ್ಲ ಸಾರ್,” ಎಂದಳು ವೈದ್ಯೆ ತಲೆಯೆತ್ತದೆ.

ಹನ್ನೊಂದಕ್ಕೆ ಮನೆಗೆ ಬಂದರೆ ಕಾರಿನ ಹಿಂದೆ ಪಕ್ಕದ ಮನೆಯ ಹೆಡ್ಲಿ ಕೂದಲು ಒಣಗಿಸುವ ಯಂತ್ರ ಹಿಡಿದು ಹಳೇ ಸ್ಟಿಕ್ಕರಿನ ಅಂಟು ಕರಗಿಸುತ್ತ ಕುಕ್ಕರಗಾಲಲ್ಲಿ ಕೂತಿದ್ದ. ಹೆಡ್ಲಿ ಒಂದು ಕಾಲದಲ್ಲಿ ಲಾರಿಯಲ್ಲಿ ಯುರೋಪೆಲ್ಲ ಸುತ್ತಿದವನು. ಕೇಳದವರಿಗೆ ಸಲಹೆ ಕೊಡುವುದು ಈಗ ಅವನ ಪೂರ್ಣಾವಧಿ ಉದ್ಯೋಗ.

“ಏನೋ ಮಾಡ್ತಿದೀಯ ನನ್ ಕಾರಿಗೆ?”

“ಉಪಕಾರ ಮಾಡ್ತಿದೀನಿ ರಾಜಾ. ಗಾಡಿ ಯಾವ ದೇಶದ್ದು ಅಂತ ಹೇಳೋ ಈ ಜಿಬಿ ಸ್ಟಿಕ್ಕರ್ ಈಗ ಆ ಕಡೆ ನಡೆಯಲ್ಲ. ಯುಕೆ ಅಂತಿರ್ಬೇಕು.”

“ನಲವತ್ ವರ್ಷ ನಡೀತಲ್ಲ! ದೇಶ ಬದಲಾಯ್ತಾ?”

“ದೇಶ ಅದೇ ಕಣೋ. ಸ್ಟಿಕ್ಕರ್ ಬದಲಾಗಿದೆ.” ಹೆಡ್ಲಿ ಸರ್ರನೆ ಎಳೆದ. ಜಿಬಿ ಬಂತು. ಅದರ ಜೊತೆಗೆ ಅಂಗೈ ಅಗಲದ ಬಣ್ಣವೂ ಬಂತು.

ಡೆನ್ಜಿಲ್ ಹಠದಿಂದ ಒಳಗೆ ಹೋಗಿ, ಕಾರ್ನ್‌ವಾಲ್‌ನ ಕಪ್ಪು ಬಾವುಟದ ದೊಡ್ಡ ಸ್ಟಿಕ್ಕರ್ ತಂದು ಆ ಗಾಯದ ಮೇಲೆ ಬಡಿದ. ಅದೊಂದೇ ಸಾಲದೆಂದು ಹೆಡ್ಲಿ ಪಕ್ಕದಲ್ಲಿ ಯುಕೆ ಅಂಟಿಸಿದ. ಫ್ರಾನ್ಸಿನಲ್ಲಿ ರಸ್ತೆಯ ಬಲಗಡೆ ಓಡಿಸಬೇಕಾದ್ದರಿಂದ ಎದುರಿನವರ ಕಣ್ಣು ಕುಕ್ಕದಿರಲೆಂದು ಮುಂದಿನ ದೀಪಗಳಿಗೂ ಪಟ್ಟಿ ಅಂಟಿಸಿದ. ಎಡಕ್ಕೆ ಬಲದ್ದು, ಬಲಕ್ಕೆ ಎಡದ್ದು. ಕಾರಿಗೆ ಮಾಲುಗಣ್ಣು ಬಂದಂತಾಯಿತು. ಕಿತ್ತು ಮತ್ತೆ ಅಂಟಿಸುವಷ್ಟರಲ್ಲಿ ಹನ್ನೆರಡು.

“ಹಳದಿ ಜಾಕೀಟು ಇದೆಯಾ? ಗಾಡಿ ಕೆಟ್ರೆ ಹಾಕ್ಕೊಂಡೇ ಇಳೀಬೇಕು. ಪೊಲೀಸ್ರು ಅದನ್ನೇ ನೋಡೋದು.”

ಡೆನ್ಜಿಲ್ ಹಳದಿ ಜಾಕೀಟು ತಂದು ಆಗಲೇ ಹಾಕಿಕೊಂಡ. “ಸಾಕಾ? ಇನ್ನೇನಾದ್ರೂ ಇದೆಯಾ? ನೋಡೇಬಿಡೋಣ ಇವತ್ತು.”

ಇತ್ತು. ಅಷ್ಟರಲ್ಲಿ ಡೆನ್ಜಿಲ್‌ನ ಹೆಂಡತಿ ಲವ್‌ಡೇ ಬಿಸಿ ಬಿಸಿ ಪೇಸ್ಟಿಗಳ ಡಬ್ಬ ಹಿಡಿದು ಹೊರಬಂದಳು. ಗುಲ್ವೆನ್‌ಗೆಂದು ಬೆಳಿಗ್ಗೆ ಐದಕ್ಕೆದ್ದು ಆರು ಪೇಸ್ಟಿ ಮಾಡಿದ್ದಳು. ಕರ್ಜಿಕಾಯಿಯ ಆಕಾರ, ಅಂಗೈ ಮೀರುವ ಗಾತ್ರ, ಒಳಗೆ ದನದ ಮಾಂಸ, ಆಲೂಗಡ್ಡೆ, ಅಂಚಿಗೆ ಅವಳದೇ ಕೈಯ ಮಡಿಕೆ.

ಹೆಡ್ಲಿ ಮೂಗರಳಿಸಿದ. “ಮಾಂಸಾನಾ? ಬಿಡಲ್ಲ. ಆ ಕಡೆ ದಡದಲ್ಲೇ ಕಸಿದು ಕಸದ ಡಬ್ಬಿಗೆ ಹಾಕ್ತಾರೆ.”

“ಕಸಕ್ಕಾ?” ಲವ್‌ಡೇ ಡಬ್ಬವನ್ನು ಎದೆಗವಚಿಕೊಂಡಳು. “ಐದಕ್ಕೆದ್ದಿದೀನಿ ನಾನು.”

“ನನ್ ಹೆಂಡ್ತಿ ಪೇಸ್ಟಿ ಕಸಕ್ಕೆ ಹಾಕೋ ಗಂಡಸು ಇನ್ನೂ ಹುಟ್ಟಿಲ್ಲ!” ಎಂದು ಡೆನ್ಜಿಲ್ ಗುಡುಗಿದ. “ತಗೊಂಡ್ ಹೋಗೋಕ್ ಬಿಡಲ್ವಾ? ಹೊಟ್ಟೇಲಿಟ್ಕೊಂಡ್ ಹೋಗ್ತೀನಿ. ಅದಕ್ಯಾವನು ಮುದ್ರೆ ಹೊಡೀತಾನೋ ನೋಡ್ತೀನಿ!”

ಅಲ್ಲೇ ಕಾರಿನ ಬಾನೆಟ್ಟಿನ ಮೇಲೆ ಡಬ್ಬ ತೆರೆದು ನಿಂತೇ ತಿಂದರು. ಲವ್‌ಡೇ ಒಂದು, ಸಲಹೆಯ ಸಂಭಾವನೆಯೆಂದು ಹೆಡ್ಲಿ ಒಂದು. ಡೆನ್ಜಿಲ್ ಪ್ರತಿಭಟನೆಯ ರೂಪದಲ್ಲಿ ಎರಡು. ಉಳಿದೆರಡನ್ನು ಸ್ಕಿಪ್ಪರ್ ಯಾರೂ ಕೇಳದಿದ್ದರೂ ಮುಗಿಸಿ, ಅಲ್ಲೇ ಕಾಲು ಚಾಚಿ ಮಲಗಿಬಿಟ್ಟಿತು. ಅದನ್ನು ಅಕ್ಕಿ ಮೂಟೆಯಂತೆ ಎತ್ತಿ ಹಿಂದಿನ ಸೀಟಿಗೆ ಹಾಕಬೇಕಾಯಿತು.

ಗಡಿಯಲ್ಲಿರುವ ಟೇಮರ್ ನದಿಯ ಸೇತುವೆ ದಾಟಿದರೆ ಅಲ್ಲಿಂದಲೇ ಪರದೇಶ ಎನ್ನುವ ಜನ ಕಾರ್ನ್‌ವಾಲ್‌ನವರು. ಡೆನ್ಜಿಲ್ ಸೇತುವೆಯ ಮೇಲೆ ಹಾರ್ನ್ ಹೊಡೆದ. ಪ್ಲಿಮತ್ ಬಂದರಿನ ಸಾಲಿನಲ್ಲಿ ನಿಂತಾಗ ಗಂಟೆ ಒಂದೂಮುಕ್ಕಾಲು. ಹಿಂದೆ ತಿರುಗಿ ನೋಡಿದ. ಸಮಿತಿಯ ಬಸ್ಸು ಆಗತಾನೇ ಗೇಟಿನೊಳಗೆ ಮೂಗು ತೂರಿಸುತ್ತಿತ್ತು.

“ನೋಡಿದ್ಯಾ ಲವ್‌ಡೇ? ಮುಂಚೆ ಅಂದೆ, ಮುಂಚೆ!”

ತಪಾಸಣೆ ಕಿಟಕಿಯ ಹುಡುಗಿ ಉದ್ದನೆಯ ಕೋಲಿನ ತುದಿಗೆ ಕಟ್ಟಿದ ಚಿಪ್ ಓದುವ ಯಂತ್ರವನ್ನು ಕಾರಿನೊಳಕ್ಕೆ ಚಾಚಿದಳು. ಡೆನ್ಜಿಲ್ ಪಳಗಿದ ವೈದ್ಯನಂತೆ ನೇರ ನಾಯಿಯ ಮೊಣಕೈಗೆ ಹಿಡಿದ. ಪೀಂ. ಹುಡುಗಿ ಹತ್ತೂ ಪುಟ ತಿರುವಿದಳು. ಪ್ರತಿ ಮುದ್ರೆಯ ಮೇಲೂ ಬೆರಳಾಡಿಸಿದಳು.

“ಇಷ್ಟು ಅಚ್ಚುಕಟ್ಟಾದ ಕಾಗದ ಈ ವಾರದಲ್ಲೇ ನೋಡಿಲ್ಲ ಸಾರ್,” ಎಂದು ನಾಯಿಯ ಪಂಜದ ಚಿತ್ರವಿದ್ದ ಚೀಟಿಯನ್ನು ಕೊಟ್ಟಳು.

ಡೆನ್ಜಿಲ್ ಅದನ್ನು ಕಿಟಕಿಯಿಂದ ಹೊರಚಾಚಿ, ಬಸ್ಸಿನ ಕಡೆಗೆ ತಿರುಗಿಸಿ, ಗೆದ್ದ ಪೈಲ್ವಾನನಂತೆ ಮೂರು ಸಲ ಆಡಿಸಿದ.

“ನಿಮ್ ಪಾಸ್‌ಪೋರ್ಟು ಸಾರ್?”

ಕೊಟ್ಟ. ಹುಡುಗಿ ಲವ್‌ಡೇಯದನ್ನು ನೋಡಿ ಇಟ್ಟಳು. ಡೆನ್ಜಿಲ್‌ದನ್ನು ನೋಡಿದಳು, ಮತ್ತೆ ನೋಡಿದಳು, ಪಕ್ಕದವಳಿಗೆ ತೋರಿಸಿದಳು.

“ಸಾರ್, ಇದು ಕೊಟ್ಟು ಹತ್ತು ವರ್ಷ ಆರು ವಾರ ಆಗಿದೆ.”

“ಆಗಿರ್ಲಿ. ಮುಗಿಯೋ ತಾರೀಕು ನೋಡಮ್ಮ, ಇನ್ನೂ ಏಳು ತಿಂಗ್ಳಿದೆ. ಹಳೇದು ಮುಗಿಯೋಕೆ ಮುಂಚೆನೇ ಹೋಗಿ ಹೊಸದು ಮಾಡಿಸ್ದೆ. ಉಳಿದ ತಿಂಗ್ಳುಗಳನ್ನ ಅವ್ರೇ ಸೇರಿಸಿ ಕೊಟ್ರು. ಹುಷಾರಾಗಿರೋ ಮನುಷ್ಯ ನಾನು.”

“ಅದೇ ತೊಂದ್ರೆ ಸಾರ್. ಸೇರಿಸಿದ ತಿಂಗ್ಳು ನಮ್ಗೆ ಲೆಕ್ಕ, ಆ ಕಡೆಯೋರ್ಗೆ ಲೆಕ್ಕ ಇಲ್ಲ. ಕೊಟ್ಟ ದಿನದಿಂದ ಹತ್ತು ವರ್ಷ ದಾಟಿರ್ಬಾರ್ದು ಅಂತಾರೆ. ನಿಮ್ಮನ್ನ ಹತ್ತಿಸ್ಕೊಳ್ಳೋಕ್ಕಾಗಲ್ಲ.”

“ಅಂದ್ರೆ ಈ ಪುಸ್ತಕ ಇಲ್ಲಿ ಬದುಕಿದೆ, ಅಲ್ಲಿ ಸತ್ತಿದೆ?”

“ಹೆಚ್ಚೂ ಕಮ್ಮಿ ಹಂಗೇ ಸಾರ್.”

“ಮತ್ತೆ ನಾಯಿ?”

“ನಾಯಿದು ಎಲ್ಲಾ ಸರಿ ಇದೆ. ಚಿಪ್, ಕಾಗದ ಎರಡೂ ಮೇಡಂ ಹೆಸರಲ್ಲೇ ಇದೆ. ಅವ್ರಿಬ್ರೂ ಹೋಗ್ಬಹುದು.”

ಹಿಂದಿನ ಕಾರಿನವನು ಹಾರ್ನ್ ಹೊಡೆದ. ಲವ್‌ಡೇ ಗಂಡನ ತೋಳು ಹಿಡಿದಳು. “ನಡಿ, ವಾಪಸ್ ಹೋಗೋಣ. ಮುಂದಿನ್ ಸಲ ಹೋದ್ರಾಯ್ತು.”

ಡೆನ್ಜಿಲ್‌ನ ಕಣ್ಣ ಮುಂದೆ ಗುಲ್ವೆನ್‌ನ ಬಾಗಿಲ ಹತ್ತಿರದ ಕುರ್ಚಿ ಬಂತು. ಎಂಬತ್ತು ವರ್ಷದವನಿಗೆ ಮುಂದಿನ ಸಲ ಎನ್ನುವುದು ಯಾವ ಲೆಕ್ಕ? ಆ ಯೋಚನೆಯ ಬೆನ್ನಿಗೇ ಅವನಿಗೆ ಸಿಟ್ಟು ಬಂತು.

“ಯಾವ ವಾಪಸ್ಸು? ಬೆಳಗಿಂದ ಇಷ್ಟು ಪಾಡು ಪಟ್ಟಿದ್ದು ವಾಪಸ್ ಹೋಗೋಕಾ? ಕಾಗದ ಸರಿ ಇರೋರು ಹೋಗ್ಲೇಬೇಕು! ನೀನು ಈ ಕಡೆ ಬಾ, ಸ್ಟೇರಿಂಗ್ ಹಿಡಿ.”

“ನಾನು ಜನ್ಮದಲ್ಲಿ ಬಲಗಡೆ ಓಡ್ಸಿಲ್ಲ ಡೆನ್ಜಿಲ್!”

“ಆ ಕಡೆ ಇಳಿದ್ಮೇಲೆ ಬಸ್ಸಿನ ಹಿಂದೆ ಹೋಗು. ಆ ರೋಸೆವೇರಮ್ಮ ಒಂದ್ಸಲಾದ್ರೂ ನಮ್ಗೆ ಉಪಯೋಗಕ್ ಬರ್ಲಿ. ಗುಲ್ವೆನ್‌ಗೆ ಹೇಳು...” ಏನು ಹೇಳಿದರೂ ಗುಲ್ವೆನ್‌ಗೆ ಅರ್ಥವಾಗುವಂತಿರಲಿಲ್ಲ. “ನಾಯಿನ ಅವನ ತೊಡೆ ಮೇಲೆ ಬಿಡು, ಸಾಕು.”

ಅವನು ಇಳಿದದ್ದೇ ತಡ, ಇಲ್ಲಿಯವರೆಗೆ ಮೂಟೆಯಂತೆ ಬಿದ್ದಿದ್ದ ಸ್ಕಿಪ್ಪರ್ ಚಂಗನೆ ಹಾರಿ ಮುಂದಿನ ಸೀಟಿನಲ್ಲಿ ಕೂತು, ಹಡಗಿನ ಕಡೆ ಮೂಗು ಮಾಡಿತು. ಹಿಂದಿರುಗಿಯೂ ನೋಡಲಿಲ್ಲ. ಲವ್‌ಡೇ ಅಳುತ್ತ ಕ್ಲಚ್ ಬಿಟ್ಟಳು. ಕಾರು ಎರಡು ಸಲ ಮುಗ್ಗರಿಸಿ, ಇಳಿಜಾರಿನ ಹಲಗೆಯೇರಿ, ಹಡಗಿನ ಬಾಯೊಳಗೆ ಹೋಯಿತು.

ಡೆನ್ಜಿಲ್ ಹಳದಿ ಜಾಕೀಟಿನಲ್ಲಿ ರಸ್ತೆಯ ನಡುವೆ ನಿಂತಿದ್ದ. ಸಾಲಿನ ಕಾರೊಂದು ಅವನನ್ನು ಬಂದರಿನ ಸಿಬ್ಬಂದಿಯೆಂದುಕೊಂಡು ಪಕ್ಕ ನಿಂತು, “ಯಾವ ಸಾಲಿಗೆ ಹೋಗ್ಬೇಕು ಸಾರ್?” ಎಂದು ಕೇಳಿತು. ಅವನು ತೋಚಿದ ಕಡೆ ಕೈ ತೋರಿಸಿದ. ಇನ್ನೆರಡು ಕಾರುಗಳು ಅದೇ ದಾರಿ ಹಿಡಿದವು.

ಸಮಿತಿಯ ಬಸ್ಸು ಬಂದು ನಿಂತಿತು. ಬಾಗಿಲು ತೆರೆಯಿತು. ಮೆಟ್ಟಿಲ ಮೇಲೆ ಹೆಸರಿನ ಪಟ್ಟಿ ಹಿಡಿದ ಮಿಸೆಸ್ ರೋಸೆವೇರ್, ಅವರ ಹಿಂದೆ ಕಿಟಕಿಗಳಿಗೆ ಅಂಟಿದ ಊರಿನ ಮುಖಗಳು.

“ಅಯ್ಯೋ ಪಾಪ, ಡೆನ್ಜಿಲ್,” ಎಂದರು ಅವರು, ನಿಜವಾಗಿಯೂ ಮರುಗಿ. “ಕೊನೆಗೂ ನಾಯಿನ ಹತ್ತಿಸ್ಕೊಳ್ಳಲಿಲ್ಲ ಅಂತಾಯ್ತು.”

ಡೆನ್ಜಿಲ್ ಎದೆ ಸೆಟೆಸಿ ನಿಂತ.

“ಯಾರ್ರೀ ಹೇಳಿದ್ದು? ನಾಯಿ ಆಗ್ಲೇ ಹತ್ತಿ ಆಯ್ತು, ನಿಮ್ಗಿಂತ ಮುಂಚೆ. ಹತ್ತಿಸ್ಕೊಳ್ಳದೆ ಇದ್ದಿದ್ದು ನನ್ನ.”