ಯಾವುದು ಮೊದಲು ಮುಗಿಯುತ್ತದೆ?

ಮನೆಗೆ ಹೋಗಿ ಕೆಮಿಸ್ಟ್ರಿ ಟ್ಯೂಷನ್ ಕೊಡುವ ನನಗೆ, ಪಾಠ ಅಂದುಕೊಂಡ ಹಾಗೆ ನಡೆದ ದಿನ ನೆನಪಿಲ್ಲ. ಈಚಿನದ್ದು ಉಚ್ಚಿಲದ ಒಂದು ಮನೆಯದ್ದು. ಹುಡುಗಿ ಪಿಯುಸಿಯಲ್ಲಿ ಕೆಮಿಸ್ಟ್ರಿ ಒಂದರಲ್ಲೇ ಫೇಲ್. ಮರುಪರೀಕ್ಷೆ ಪಾಸಾದರೆ ಮಣಿಪಾಲದಲ್ಲಿ ನರ್ಸಿಂಗ್, ಇಲ್ಲದಿದ್ದರೆ ಒಂದು ವರ್ಷ ಮನೆಯಲ್ಲಿ. ನನ್ನದು ಮಾತು ಕಡಿಮೆ. ಆ ಕೊರತೆಯನ್ನು ಅವಳ ತಾಯಿ, ಅವಳು ಕರೆಯುವ ಹಾಗೆ ಉಮ್ಮ, ತುಂಬುತ್ತಿದ್ದರು.

೧. ಕೋಳಿಸಾರು

ಆಸಿಡ್, ಬೇಸ್ ಎರಡರಲ್ಲಿ ಮೊದಲು ಮುಗಿಯುವುದೇ ಲಿಮಿಟಿಂಗ್ ರಿಯೇಜೆಂಟ್. ಎಷ್ಟು ಉಪ್ಪು ಹುಟ್ಟುತ್ತದೆ ಎಂಬುದು ಅದರ ಮೇಲೆಯೇ. ಇದನ್ನು ಹೇಳಲು ಕೋರಿರೊಟ್ಟಿಯ ಉದಾಹರಣೆ ಕೊಟ್ಟೆ. "ರೊಟ್ಟಿ ಎಷ್ಟೇ ಇರಲಿ, ಕೋಳಿಸಾರು ಮುಗಿದರೆ ಊಟ ಮುಗಿಯಿತು."

ಅಡುಗೆಮನೆಯಿಂದ ಉಮ್ಮ, "ನಮ್ಮಲ್ಲಿ ಮುಗಿಯುವುದಿಲ್ಲ ಟೀಚರ್. ಜನ ಜಾಸ್ತಿ ಬಂದರೆ ನೀರು ಸೇರಿಸ್ತೇವೆ" ಎಂದರು.

"ನೀರು ಸೇರಿಸಿದರೆ ಆಸಿಡ್ ಜಾಸ್ತಿ ಆಗುವುದಿಲ್ಲ, ತೆಳು ಆಗುತ್ತದೆ ಅಷ್ಟೆ" ಎಂದೆ ಮೆಲ್ಲಗೆ.

"ಅದು ನೆಂಟರಿಗೂ ಗೊತ್ತುಂಟು. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ."

೨. ಬಲೂನು

ಬಾಟಲಿಯಲ್ಲಿ ಸ್ವಲ್ಪ ವಿನೆಗರ್, ಬಲೂನಿನೊಳಗೆ ಅದಕ್ಕೆ ಸಾಕಾಗುವಷ್ಟು ಅಡುಗೆ ಸೋಡಾ ಹಾಕಿಟ್ಟು ಕೈತೊಳೆಯಲು ಹೋದೆ. ಬರುವಷ್ಟರಲ್ಲಿ ಉಮ್ಮ ಬಲೂನಿಗೆ ಇನ್ನೂ ಮೂರು ಚಮಚ ಸುರಿದಿದ್ದರು. ಟೀಚರ್ ಎದುರು ಕಂಜೂಸು ಮಾಡಬಾರದಂತೆ!

ಸೋಡಾ ಬಾಟಲಿಗೆ ಬಿದ್ದಾಗ ಬಲೂನು ಒಂದಿಷ್ಟು ಉಬ್ಬಿ ನಿಂತುಬಿಟ್ಟಿತು. ಅಡಿಯಲ್ಲಿ ಬಿಳಿ ರಾಶಿ. ಹುಡುಗಿ ಮೊದಲ ಸಲ ತಾನಾಗಿ, "ವಿನೆಗರ್ ಮುಗಿದಿದೆ ಮಿಸ್!" ಎಂದಳು. ನನಗೆ ಖುಷಿಯಾಯಿತು.

ಉಮ್ಮನಿಗೆ ಆಗಲಿಲ್ಲ. "ಉಳಿದ ಸೋಡಾ ಒಣಗಿಸಿದರೆ ನಾಳೆ ಅಪ್ಪಕ್ಕೆ ಆಗ್ತದಾ ಟೀಚರ್?"

೩. ಪರೀಕ್ಷೆ

ಕಾಪುವಿನ ಪರೀಕ್ಷಾ ಕೇಂದ್ರದ ಹೊರಗೆ ನಾನೂ ಉಮ್ಮನೂ ಕಾಯುತ್ತಿದ್ದೆವು. ಹುಡುಗಿ ಮುಖ ಸಣ್ಣದು ಮಾಡಿಕೊಂಡು ಬಂದಳು.

"ನಾಲ್ಕು ಗ್ರಾಂ ಸೋಡಿಯಂ ಹೈಡ್ರಾಕ್ಸೈಡ್, ಏಳು ಪಾಯಿಂಟ್ ಮೂರು ಗ್ರಾಂ ಹೈಡ್ರೋಕ್ಲೋರಿಕ್ ಆಸಿಡ್, ಉಪ್ಪು ಎಷ್ಟು ಅಂತ ಬಂದಿತ್ತು ಮಿಸ್. ಬೇಸ್ ಮೊದಲು ಮುಗಿಯುತ್ತದೆ. ಐದು ಪಾಯಿಂಟ್ ಎಂಟು ಐದು ಬಂತು."

"ಸರಿ ಉಂಟಲ್ಲ!"

"ಆದರೆ ಪಕ್ಕದವಳು ಎರಡನ್ನೂ ಕೂಡಿಸಿ ಹನ್ನೊಂದು ಪಾಯಿಂಟ್ ಮೂರು ಬರೆದಿದ್ದಳು. ಅವಳ ಅಕ್ಷರ ಎಷ್ಟು ಚಂದ ಗೊತ್ತುಂಟಾ ಮಿಸ್..."

ತಡೆದು ಕೇಳಿದೆ: "ನಿನ್ನದನ್ನು ಹೊಡೆದು ಹಾಕಿದೆಯಾ?"

"ಇಲ್ಲ ಮಿಸ್. ಎರಡನ್ನೂ ಬರೆದೆ. ಬೇಕಾದ್ದನ್ನು ಅವರೇ ತಗೊಳ್ಳಲಿ."

ಉಮ್ಮ, "ಒಳ್ಳೆ ಕೆಲಸ ಮಾಡಿದೆ" ಎಂದರು. ಫಲಿತಾಂಶ ಬರುವವರೆಗೆ ನನಗೆ ಅನ್ನ ಸೇರಲಿಲ್ಲ.

ಪಾಸಾದಳು, ಸರಿಯಾಗಿ ಪಾಸಿಗೆ ಬೇಕಾದಷ್ಟೇ ಮಾರ್ಕು. ಫೋನಿನಲ್ಲಿ ಕೇಳಿದಳು: "ಇನ್ನೂ ಸ್ವಲ್ಪ ಬರಬೇಕಿತ್ತು ಅಲ್ವಾ ಮಿಸ್? ಪೇಪರ್ ಪುನಃ ನೋಡಲಿಕ್ಕೆ ಹಾಕುವುದಾ?"

"ಬೇಡ!" ಎಂದೆ. ನನ್ನ ಧ್ವನಿ ಅಷ್ಟು ದೊಡ್ಡದು ಎಂದು ನಮ್ಮ ಮನೆಯವರಿಗೆ ಗೊತ್ತಾದದ್ದು ಅವತ್ತೇ.