ಒಂದೇ ಕುರ್ಚಿಯ ಸಂಗೀತ

ಎರಡರಲ್ಲಿ ಒಂದನ್ನು ಆರಿಸಲು ಬಾರದವರು ತಮ್ಮನ್ನು ವಿಚಾರವಂತರೆಂದು ಕರೆದುಕೊಳ್ಳುತ್ತಾರೆ. ನಾನು ಆ ಪೈಕಿಯವನು. ಚಪ್ಪಲಿ ಕೊಳ್ಳಲು ಹೋದರೂ ಅಂಗಡಿಯವನೇ ಬೇಸತ್ತು "ಸರ್, ನಾಳಿ ಬರ್ರಿ" ಎಂದು ಕಳಿಸಬೇಕು. ಸಾಲದ್ದಕ್ಕೆ ನಾನು ಇಳಕಲ್ಲಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವವನು. ವರ್ಷವರ್ಷವೂ ಶಬ್ದದ ಅಧ್ಯಾಯ ಹೇಳಿ ಹೇಳಿ, ಊರಿನಲ್ಲಿ ಕಿವಿ ಅಂತ ಇರುವುದು ನನಗೊಬ್ಬನಿಗೇ ಎಂಬ ನಂಬಿಕೆ ಬಲಿತುಬಿಟ್ಟಿದೆ. ಮಿಕ್ಕವರಿಗೆ ಇರುವುದು ಕನ್ನಡಕ ಸಿಕ್ಕಿಸುವ ಗೂಟ.

ನನ್ನ ಹೆಂಡತಿ ದಾನಮ್ಮನ ಬಳಗ ಪ್ರತಿ ಸೋಮವಾರ ಸಂಜೆ ನಮ್ಮ ಮನೆಯ ಪಡಸಾಲೆಯಲ್ಲಿ ಸೇರಿ ವಚನ ಹಾಡುತ್ತದೆ. ಹನ್ನೆರಡು ಮಂದಿ ಹೆಂಗಸರು, ಹನ್ನೊಂದು ವರ್ಷದ ರೂಢಿ. ತಂಬೂರಿ, ತಬಲಾದ ಧ್ವನಿಮುದ್ರಿಕೆ ಹಾಕಿಕೊಂಡು, ಒಂದು ಮೈಕು ಹಿಡಿದು ಸರದಿಯಂತೆ ಹಾಡುವುದು ಪದ್ಧತಿ. ಆ ಹೊತ್ತಿಗೆ ನಾನು ಒಳಕೋಣೆ ಸೇರಿ ಪೇಪರು ಓದುತ್ತಿರುತ್ತೇನೆ. ಕಳೆದ ವರ್ಷ ಅವರ ಹಳೆಯ ಸೆಟ್ಟು ಕೆಟ್ಟು ಕೂತಿತು. ದಾನಮ್ಮ ಅಂದಳು: "ಮುಂದಿನ ಸೋಮವಾರದೊಳಗ ಒಂದು ತರ್ರಿ. ಇಲ್ಲಾಂದ್ರ ಬಳಗ ಬ್ಯಾರೆ ಮನಿ ನೋಡ್ಕೊಳ್ತೈತಿ." ಹನ್ನೊಂದು ವರ್ಷ ಕಟ್ಟಿದ ಬಳಗ ತನ್ನ ಪಡಸಾಲೆ ಬಿಟ್ಟು ಹೋಗುವುದೆಂದರೆ ಆಕೆಗೆ ತವರು ತಪ್ಪಿದಂತೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ "ಚಿಂತಿ ಬಿಡು" ಎಂದು ಮಾತು ಕೊಟ್ಟೆ.

ಬಾಗಲಕೋಟೆಯ ಅಂಗಡಿಯವನು ಒಂದೇ ನಿಮಿಷದಲ್ಲಿ ದಾರಿ ತೋರಿಸಿದ. ಎಲ್ಲ ಕೆಲಸವನ್ನೂ ಒಂದೇ ಡಬ್ಬಿ ಮಾಡುವ ಹೋಮ್ ಥಿಯೇಟರ್ ರಿಸೀವರು. "ಒಂದ ಗುಂಡಿ ಒತ್ರಿ, ಮುಗೀತು." ಅಷ್ಟು ಸುಲಭವಾಗಿ ಮುಗಿಯುವುದು ನನಗೆ ಅವಮಾನವೆನಿಸಿತು. ಪ್ಲೇಯರು ಬೇರೆ, ಆಂಪ್ಲಿಫೈಯರು ಬೇರೆ, ಸ್ಪೀಕರು ಬೇರೆ, ನಡುವೆ ತಂತಿ ಬೇರೆ ಇರಬೇಕೆಂಬುದು ತಿಳಿದವರ ಮತ. ನಮ್ಮ ಮನೆತನಕ್ಕೂ ಬೇರೆಯಾಗುವುದು ಹೊಸದಲ್ಲ. ನಮ್ಮ ಅಣ್ಣತಮ್ಮಂದಿರು ಒಂದೇ ಸೂರಿನಡಿ ಇದ್ದಾಗ ದಿನವೂ ಜಗಳವಾಡುತ್ತಿದ್ದರು. ಬೇರೆಯಾದ ಮೇಲೆ ಹಬ್ಬಕ್ಕೆ ಹೋಳಿಗೆ ಕಳಿಸುತ್ತಾರೆ. ಆಂಪ್ಲಿಫೈಯರೂ ಹಾಗೇ ಎಂದು ಅಂಗಡಿಯವನಿಗೆ ತಿಳಿಸಿ ಹೇಳಿದೆ. ಅವನು ಬೇರೆ ಗಿರಾಕಿಯ ಕಡೆ ಹೊರಳಿದ.

ಮನೆಯಲ್ಲಿ ಇನ್ನೂ ಗಟ್ಟಿ ಪುರಾವೆ ಕೊಟ್ಟೆ. ದಾನಮ್ಮ ನೇಕಾರರ ಮನೆಯ ಮಗಳು. "ನಿಮ್ಮ ಇಳಕಲ್ ಸೀರೀನೇ ನೋಡು. ಒಡಲಿನ ಹಾಸು ಬ್ಯಾರೆ, ಸೆರಗಿನ ಹಾಸು ಬ್ಯಾರೆ. ಎರಡಕ್ಕೂ ಎಳಿ ಎಳಿ ಕೊಂಡಿ ಹಾಕಿ ಜೋಡಸ್ತಾರ. ಅದಕ್ಕ ಆ ಸೀರಿಗೆ ಅಷ್ಟು ಬೆಲಿ" ಎಂದೆ. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಹೇಳಿದಳು: "ಖರೆ. ಆದ್ರ ನಮ್ಮ ಮನ್ಯಾಗ ಕೊಂಡಿ ಹಾಕಿ, ಸೀರಿ ನೇಯ್ದು, ಉಟ್ಟು ತಿರಗತಿದ್ವಿ. ಹಾಸಿನ ಮುಂದ ಕುಂತು ವಿಚಾರ ಮಾಡ್ತಿದ್ದಿಲ್ಲ."

ನಾನು ಎಂಟು ತಿಂಗಳು ವಿಚಾರ ಮಾಡಿದೆ. ಫೋನಿನಲ್ಲಿ ವಿಮರ್ಶೆಗಳನ್ನು ಓದಿದೆ. ಒಬ್ಬ ಈ ಆಂಪ್ಲಿಫೈಯರಿನ ನಾದ ಬೆಚ್ಚಗಿದೆ ಎಂದರೆ ಇನ್ನೊಬ್ಬ ತಣ್ಣಗಿದೆ ಎನ್ನುತ್ತಿದ್ದ. ನಮ್ಮೂರ ಬಿಸಿಲಿಗೆ ಯಾವುದು ಹೊಂದುತ್ತದೆಂದು ಯಾರೂ ಬರೆದಿರಲಿಲ್ಲ. ಸ್ಪೀಕರುಗಳ ಕೆಳಗೆ ಕಲ್ಲಿದ್ದರೆ ನಾದ ನಡುಗುವುದಿಲ್ಲ ಎಂದು ಓದಿ, ಹುನಗುಂದದ ರಸ್ತೆಗೆ ಹೋಗಿ ಕೆಂಪು ಗ್ರಾನೈಟಿನ ಹಾಸುಗಲ್ಲು ಹೊರಿಸಿಕೊಂಡು ಬಂದೆ. ಅಷ್ಟೂ ಕಾಲ ಬಳಗದವರು ದಾನಮ್ಮನ ಮುಖ ನೋಡಿ ಬೇರೆ ಮನೆಗೆ ಹೋಗದೆ, ಆಕೆಯ ಫೋನನ್ನು ಸ್ಟೀಲಿನ ತಂಬಿಗೆಯಲ್ಲಿ ನಿಲ್ಲಿಸಿ, ಅದರಿಂದ ಬರುವ ತಬಲಾಕ್ಕೆ ಹಾಡಿದರು. ಯಾರೂ ನನಗೆ ಒಂದು ಮಾತು ಆಡಲಿಲ್ಲ. ಆಡಿದ್ದರೆ ಒಳ್ಳೆಯದಿತ್ತು.

ಕೊನೆಗೂ ಎಲ್ಲವೂ ಬಂದವು. ಎರಡು ದಿನ ತಂತಿ ಜೋಡಿಸಿದೆ. ಅಳತೆ ಹಿಡಿದು, ಎರಡು ಸ್ಪೀಕರುಗಳಿಂದಲೂ ಸರಿಸಮ ದೂರದಲ್ಲಿ ಒಂದು ಕುರ್ಚಿ ಇಟ್ಟೆ. ನಾದ ಸರಿಯಾಗಿ ಕೂಡುವುದು ಅಲ್ಲಿ ಮಾತ್ರ. ಒಂದು ಮೊಳ ಆಚೀಚೆ ಸರಿದರೂ ಕೆಟ್ಟಿತು. ಸೋಮವಾರ ಬಳಗ ಬಂತು. ಎದುರುಮನೆಯ ನೀಲಮ್ಮ ನಿವೃತ್ತ ನರ್ಸು, ಬಳಗದಲ್ಲಿ ಹಿರಿಯಳು. ಆಕೆ ಪಡಸಾಲೆಯನ್ನೆಲ್ಲ ನೋಡಿ ಕೇಳಿದಳು: "ಸರ್, ನಾವು ಹನ್ನೆರಡು ಮಂದಿ. ಕುರ್ಚಿ ಒಂದೈತೆಲ್ರಿ?"

ಕಾರಣ ವಿವರಿಸಿದೆ. ಎಲ್ಲರೂ ಮರ್ಯಾದೆಯಿಂದ ಕೇಳಿಸಿಕೊಂಡರು. ನೀಲಮ್ಮ ಅಂದಳು: "ಬಸವಣ್ಣನ ಮುಂದ ಎಲ್ಲಾರೂ ಸರಿ ಅಂತ ಹಾಡಾಕ ಬಂದೇವಿ. ನಿಮ್ಮ ಮಷಿನ್ನಿಗೆ ಮಾತ್ರ ಒಬ್ಬರಷ್ಟ ಸರಿ." ಆಮೇಲೆ ಮೈಕಿನ ತಂತಿ ಹಿಡಿದು "ಇದನ್ನ ಎಲ್ಲಿ ಚುಚ್ಚೂದ್ರಿ?" ಎಂದಳು. ನಾನು ಆಂಪ್ಲಿಫೈಯರಿನ ಮುಂದೆ ನೋಡಿದೆ, ಹಿಂದೆ ನೋಡಿದೆ. ಎಂಟು ತಿಂಗಳ ಅಧ್ಯಯನದಲ್ಲಿ, ಮೈಕಿಗೆ ತೂತು ಇದೆಯೋ ಇಲ್ಲವೋ ಎಂಬುದನ್ನು ನಾನು ನೋಡಿಯೇ ಇರಲಿಲ್ಲ. "ಅದಕ್ಕ ಮಿಕ್ಸರ್ ಅಂತ ಬ್ಯಾರೆ ಡಬ್ಬಿ ಬರಬೇಕ್ರಿ, ಸ್ವಲ್ಪ ವಿಚಾರ ಮಾಡಿ..." ಎಂದೆ. ದಾನಮ್ಮ ನನ್ನತ್ತ ನೋಡಲಿಲ್ಲ. ತಂಬಿಗೆ ತರಲು ಒಳಗೆ ಹೋದಳು.

ಮರುವಾರ ನೀಲಮ್ಮನ ಮನೆಗೆ ಆ ಒಂದೇ ಡಬ್ಬಿಯ ರಿಸೀವರು ಬಂತು, ಮೈಕಿನ ತೂತಿನ ಸಮೇತ. ಬಳಗವೂ ಅಲ್ಲಿಗೇ ಹೋಯಿತು. ದಾನಮ್ಮ ಸೋಮವಾರ ಬೆಳಿಗ್ಗೆಯೇ ಎಂದಿನಂತೆ ಪಡಸಾಲೆ ಗುಡಿಸಿ ಜಮಖಾನೆ ಹಾಸಿದವಳು, ಏನೋ ನೆನಪಾಗಿ ಮತ್ತೆ ಸುತ್ತಿಟ್ಟಳು. ಸಂಜೆ ನನ್ನ ಕುರ್ಚಿಯಲ್ಲಿ ಕೂತು ಏನನ್ನೋ ಹಾಕಿದೆ. ನಾದ ನಿಷ್ಕಳಂಕವಾಗಿತ್ತು, ಹತ್ತು ನಿಮಿಷಕ್ಕಿಂತ ಹೆಚ್ಚು ಕೂರಲಾಗಲಿಲ್ಲ. ಕೀಲಿ ಕೊಡುವ ನೆವ ಮಾಡಿ ಎದುರುಮನೆಗೆ ಹೋದೆ. ಬಾಗಿಲ ಬಳಿ, ಚಪ್ಪಲಿಗಳ ಪಕ್ಕದಲ್ಲಿ ಜಾಗ ಕೊಟ್ಟರು.

ದಾನಮ್ಮ ಹಾಡುತ್ತಿದ್ದಳು. ಇಷ್ಟು ಚೆನ್ನಾಗಿ ಹಾಡುತ್ತಾಳೆಂದು ನನಗೆ ನಿಜಕ್ಕೂ ಗೊತ್ತಿರಲಿಲ್ಲ. ಹನ್ನೊಂದು ವರ್ಷ ಒಂದು ಗೋಡೆಯಾಚೆ ಪೇಪರು ಓದಿದವನಿಗೆ ನಾಚಿಕೆಯಾಯಿತು. ಇದನ್ನು ಹೇಳಬೇಕು, ಎಲ್ಲರ ಎದುರಿಗೇ ಹೇಳಬೇಕು ಅಂದುಕೊಂಡೆ. ಹಾಡು ಮುಗಿಯಿತು. "ಹೆಂಗಿತ್ರಿ ಸರ್?" ಎಂದಳು ನೀಲಮ್ಮ. ಹನ್ನೆರಡು ಮುಖಗಳು ಇತ್ತ ತಿರುಗಿದವು, ಹೆಂಡತಿಯದೂ. ಬಾಯಿ ತೆರೆದೆ. "ತಗ್ಗಿನ ಸ್ವರ ಸ್ವಲ್ಪ ಗೊಗ್ಗರ ಆತ್ರಿ. ಒಂದ ಡಬ್ಬಿ ಅಂದ್ರ ಹಂಗ" ಎಂದುಬಿಟ್ಟೆ.

ದಾನಮ್ಮ ಕೂತಲ್ಲಿಂದಲೇ ಹೇಳಿದಳು: "ಮನಿಗೆ ಹೋಗಿ ಕುಕ್ಕರ್ ಇಡ್ರಿ. ಮೂರು ಸೀಟಿ ಆದ್ಮ್ಯಾಲ ಆರಸ್ರಿ. ನಿಮಗ ಕಿವಿ ಛಲೋ ಅದಾವಲ್ಲ." ಮೈಕು ಇನ್ನೂ ಆಕೆಯ ಕೈಯಲ್ಲೇ ಚಾಲೂ ಇತ್ತು. ಮರುದಿನ ಓಣಿಯ ತುದಿಯ ಕಿರಾಣಿ ಅಂಗಡಿಯವನು ನನ್ನನ್ನು ನಿಲ್ಲಿಸಿ, "ಮೂರು ಸೀಟಿ ಆದೂವೇನ್ರಿ ಸರ್?" ಎಂದು ಕೇಳಿದ. ಅಷ್ಟು ದೂರಕ್ಕೆ ತಗ್ಗಿನ ಸ್ವರವೂ ಕೇಳಿಸಿತೇ ಎಂದು ನಾನು ಅವನನ್ನು ವಿಚಾರಿಸಿದೆ.